ಸಹಿ ಹಾಕಲಾರೆ

ಶಾಲೆಯಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆ, ಷೇಕ್ಸ್‌ಪಿಯರನ ನಾಟಕ, ಸಾಲದ್ದಕ್ಕೆ 1927ರ ‘ಮೆಟ್ರೊಪೊಲಿಸ್’ ಎಂಬ ಮೂಕಚಿತ್ರ! ಇವುಗಳಿಂದ ಎಂಜಿನಿಯರಿಂಗ್ ಸೀಟು ಸಿಕ್ಕೀತೆ ಎಂದು ಕಿದ್ವಾಯಿ ನಗರದ ನಮ್ಮ ಕೆಲವು ಕನ್ನಡ ಬಂಧುಗಳು ಮನವಿಪತ್ರ ಹಿಡಿದು ಓಡಾಡುತ್ತಿದ್ದಾರೆ. ನಾನು ಬಿ.ಎಸ್ಸಿ. ಓದಿದ ಗುಮಾಸ್ತ, ಆದರೂ ಸಹಿ ಹಾಕಲಾರೆ.

‘ನೈಟ್’ ಪದದ ಮೊದಲಿನ ‘ಕೆ’ ಹಿಂದೊಮ್ಮೆ ಉಚ್ಚಾರದಲ್ಲಿತ್ತೆಂದು ಕಲಿತುಬಂದ ಮಗಳು, “ಕನ್ನಡವೂ ಹೀಗೆ ಬದಲಾಗಿದೆಯೇನಪ್ಪಾ?” ಎಂದಳು. ತಬ್ಬಿಬ್ಬಾದೆ. ಹಳಗನ್ನಡದ ‘ಪಾಲ್’ ನಮ್ಮ ‘ಹಾಲು’ ಆಯಿತೆಂದು ಹುಡುಕಿ ಹೇಳಲು ಎರಡು ದಿನ ಹಿಡಿಯಿತು. ಪಕ್ಕದ ಮನೆಯ ತಮಿಳರು ಇಂದಿಗೂ ‘ಪಾಲ್’ ಎನ್ನುತ್ತಾರೆ. ವರ್ಷಗಟ್ಟಲೆ ಕೇಳಿದ್ದೇನೆ, ಹೊಳೆದಿರಲಿಲ್ಲ!

ನಾಟಕ ಪರರದಂತೆ. 1979ರಲ್ಲಿ ನಮ್ಮ ಬಿ. ವಿ. ಕಾರಂತರು ‘ಮ್ಯಾಕ್‌ಬೆತ್’ಗೆ ಯಕ್ಷಗಾನದ ಧಾಟಿ ತೊಡಿಸಿ, ‘ಬರ್ನಮ್ ವನ’ವೆಂದು ಹಿಂದಿಯಲ್ಲಿ ಆಡಿಸಿದ್ದು ಇದೇ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಕಲಾವಿದರಿಂದ.

ಇನ್ನು ಆ ಚಿತ್ರ. ಮೇಲೆ ಗೋಪುರಗಳಲ್ಲಿ ಮೆರೆಯುವವರು, ನೆಲದಡಿ ಯಂತ್ರಕ್ಕೆ ಮೈಯೊಡ್ಡುವವರು. ಹಳೆಯ ಕ್ವಾರ್ಟರ್ಸ್ ಕೆಡವಿ ಗೋಪುರ ಎಬ್ಬಿಸಿದ ಬಡಾವಣೆಯ ಮಕ್ಕಳು ಅದನ್ನು ನೋಡದೆ ಇನ್ನಾರು ನೋಡಬೇಕು?

ಮನವಿಪತ್ರದವರು ಮತ್ತೆ ಬರಲಿ, ಕಾಫಿ ಕೊಡುತ್ತೇನೆ. ‘ಪತ್ತು’ ‘ಹತ್ತು’ ಆದದ್ದು ಹೇಗೆಂದು ಮಗಳೇ ಅವರನ್ನು ಕೇಳುತ್ತಾಳೆ.