ಹಿಂದಕ್ಕೆ ಕರೆಯುವ ಮರ್ಯಾದೆ

2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸೊಂದು ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಮಡಿದರು. ಅದನ್ನು ಓದಿದಂದಿನಿಂದ, ರಾತ್ರಿ ಬಸ್ಸು ಹತ್ತುವಾಗ, ಎಂಜಿನ್ನಿನ ಬೆಂಕಿಯನ್ನು ತಾನಾಗಿ ನಂದಿಸುವ ಸಲಕರಣೆ ಉಂಟೇ ಎಂದು ಚಾಲಕರನ್ನು ಕೇಳುತ್ತೇನೆ. ಉಂಟೆಂದರೆ ನಿಶ್ಚಿಂತೆಯಿಂದ ಮಲಗುತ್ತೇನೆ. ಆ ಸಲಕರಣೆಯೇ ಕೆಟ್ಟಿದ್ದರೆ? ಅದು ಇಲ್ಲದಿರುವುದಕ್ಕಿಂತ ಕೇಡು. ನಮ್ಮ ಎಚ್ಚರವನ್ನೂ ಮಲಗಿಸುತ್ತದೆ.

ಆದುದರಿಂದ ತಯಾರಕರು ಅಂತಹ ಬಸ್ಸುಗಳನ್ನು ತಾವಾಗಿಯೇ ಹಿಂದಕ್ಕೆ ಕರೆಸಿದರೆ ಹಳಿಯದೆ ಮೆಚ್ಚಬೇಕೆಂದು ನನ್ನ ಮತ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೂ, ದೋಷವನ್ನು ತಾನೇ ತಿಳಿಸಿ ವಾಹನಗಳನ್ನು ಕರೆಸಿಕೊಂಡ ತಯಾರಕನಿಗೆ ದಂಡ ವಿಧಿಸದು. ಆದರೆ ಕರೆ ಬಂದರೂ ಬಸ್ಸನ್ನು ಕಳುಹಿಸದ ಮಾಲೀಕನಿಗೆ ಏನೆನ್ನೋಣ? ಒಂದು ದಿನದ ಸಂಪಾದನೆ ದೊಡ್ಡದೋ, ನಂಬಿ ನಿದ್ರಿಸುವವರ ಪ್ರಾಣ ದೊಡ್ಡದೋ? ವಾಚಕರೇ ಹೇಳಲಿ.