ಮೀಸಲು ಯೋಧನಿಗೆ ಬಂದ ಕರೆ

ಸೇವೆ ಮುಗಿಸಿ ಊರಿಗೆ ಮರಳಿದ ಸೈನಿಕ ಸರ್ಕಾರದ ಲೆಕ್ಕದಲ್ಲಿ ಪೂರ್ತಿ ಬಿಡುಗಡೆಯಾದವನಲ್ಲ. ಯುದ್ಧದಲ್ಲಿ ಆಳು ಸಾಲದಾದಾಗ ಮತ್ತೆ ಕರೆಯಬಹುದಾದವರ ಪಟ್ಟಿಯೊಂದನ್ನು ಹೆಚ್ಚಿನ ದೇಶಗಳು ಇಟ್ಟುಕೊಂಡಿರುತ್ತವೆ. ಆ ಪಟ್ಟಿಯಲ್ಲಿ ಹೆಸರಿರುವವನೇ ಮೀಸಲು ಯೋಧ. ಭಾರತದ ಭೂಸೇನೆಯಲ್ಲೂ ನಿವೃತ್ತ ಜವಾನರು ಕೆಲಕಾಲ ಮೀಸಲು ಪಟ್ಟಿಯಲ್ಲಿ ಉಳಿಯುವ ನಿಯಮ ಬಹುಕಾಲದಿಂದ ಇದೆ. ಹಾವೇರಿ ಜಿಲ್ಲೆಯ ಹಾನಗಲ್ಲಿನ ಭತ್ತದ ಗದ್ದೆಯಲ್ಲೋ, ಸವಣೂರಿನ ಎಲೆಬಳ್ಳಿ ತೋಟದಲ್ಲೋ, ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲೋ ಹೊಸ ಬದುಕು ಹೂಡಿಕೊಂಡ ಮಾಜಿ ಸೈನಿಕನಿಗೆ, ಅವನ ಹೆಂಡತಿ ಮಕ್ಕಳಿಗೆ, ಮತ್ತೆ ಬಾ ಎನ್ನುವ ಕಾಗದವೊಂದು ಬಂದರೆ ಮನೆ ಹೇಗಾಗುತ್ತದೆ ಎಂದು ಊಹಿಸಿಕೊಂಡರೆ, 2022ರ ಸೆಪ್ಟೆಂಬರಿನಲ್ಲಿ ರಷ್ಯಾದಲ್ಲಿ ಏನಾಯಿತು ಎಂಬುದು ಅರ್ಥವಾಗುತ್ತದೆ.

ರಷ್ಯಾ-ಉಕ್ರೇನ್ ಯುದ್ಧದ ಬಿಸಿ ಹಾವೇರಿ ಜಿಲ್ಲೆಗೆ ಮೊದಲ ವಾರದಲ್ಲೇ ತಾಗಿತ್ತು. ರಷ್ಯಾ ಉಕ್ರೇನಿನ ಮೇಲೆ ದಾಳಿ ಆರಂಭಿಸಿದ್ದು 2022ರ ಫೆಬ್ರವರಿ 24ರಂದು. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಊಟದ ಸಾಮಾನು ತರಲು ಹೊರಬಂದಿದ್ದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಆಗ ಮುಖ್ಯಮಂತ್ರಿಯೂ ಶಿಗ್ಗಾವಿ ಕ್ಷೇತ್ರದ ಶಾಸಕರೂ ಆಗಿದ್ದ ಬಸವರಾಜ ಬೊಮ್ಮಾಯಿ ಮಾರ್ಚ್ 21ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪಾರ್ಥಿವ ಶರೀರಕ್ಕೆ ಅಂತಿಮ ಗೌರವ ಸಲ್ಲಿಸಿದರು. ಹೆತ್ತವರು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಮಗನನ್ನು ಡಾಕ್ಟರನಾಗಿ ನೋಡಬೇಕೆಂದಿದ್ದವರು ತೆಗೆದುಕೊಂಡ ಆ ನಿರ್ಧಾರದ ಎದುರು ಯಾವ ಮಾತೂ ಸಣ್ಣದೇ.

ಅದೇ ಹಾರ್ಕಿವ್ ಸೀಮೆಯಲ್ಲಿ ಆರು ತಿಂಗಳ ಬಳಿಕ ಯುದ್ಧದ ದಿಕ್ಕು ತಿರುಗಿತು. ಸೆಪ್ಟೆಂಬರಿನ ಮೊದಲಾರ್ಧದಲ್ಲಿ ಉಕ್ರೇನಿನ ಪಡೆಗಳು ಬಾಲಾಕ್ಲಿಯಾ, ಇಝ್ಯುಮ್, ಕುಪಿಯಾನ್ಸ್ಕ್ ಊರುಗಳನ್ನು ಮರಳಿ ಪಡೆದವು. ರಷ್ಯಾದ ಸಾಲುಗಳು ತೆಳುವಾಗಿದ್ದವು. ಸೆಪ್ಟೆಂಬರ್ 21ರ ಬೆಳಿಗ್ಗೆ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ದೂರದರ್ಶನದಲ್ಲಿ ‘ಭಾಗಶಃ ಸೈನ್ಯ ಜಮಾವಣೆ’ಯನ್ನು ಘೋಷಿಸಿದರು. ಮೀಸಲು ಪಟ್ಟಿಯಿಂದ 3 ಲಕ್ಷ ಜನರನ್ನು ಕರೆಯಲಾಗುವುದು ಎಂದು ರಕ್ಷಣಾ ಸಚಿವ ಸೆರ್ಗೇಯ್ ಶೋಯಿಗು ತಿಳಿಸಿದರು. ಆ ತನಕ ಅದು ಯುದ್ಧವೇ ಅಲ್ಲ, ‘ವಿಶೇಷ ಸೇನಾ ಕಾರ್ಯಾಚರಣೆ’ ಎಂದು ಹೇಳಿಕೊಂಡು ಬಂದಿದ್ದ ಸರ್ಕಾರ ಅದಕ್ಕಾಗಿ ಮನೆ ಮನೆಯ ಗಂಡಸನ್ನು ಕೇಳತೊಡಗಿತ್ತು.

ಜನ ಮೂರು ಬಗೆಯಲ್ಲಿ ಉತ್ತರ ಕೊಟ್ಟರು. ಕೆಲವರು ಬೀದಿಗಿಳಿದರು. ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ಸೇರಿ ಹತ್ತಾರು ನಗರಗಳಲ್ಲಿ ಪ್ರತಿಭಟನೆ ನಡೆದು ಮೊದಲ ದಿನವೇ 1,300ಕ್ಕೂ ಹೆಚ್ಚು ಜನರ ಬಂಧನವಾಯಿತೆಂದು ಅಲ್ಲಿನ ಮಾನವ ಹಕ್ಕು ಸಂಘಟನೆ ಓವಿಡಿ-ಇನ್ಫೋ ಲೆಕ್ಕ ಕೊಟ್ಟಿತು. ಬಂಧಿತರಲ್ಲಿ ಕೆಲವರ ಕೈಗೆ ಠಾಣೆಯಲ್ಲೇ ಸೇನೆಯ ನೋಟಿಸ್ ಬಂತು. ಎರಡನೆಯವರು ಗಡಿ ದಾಟಿದರು. ಇಸ್ತಾಂಬುಲ್, ಯೆರೆವಾನ್ ಕಡೆಗಿನ ವಿಮಾನ ಟಿಕೆಟುಗಳು ಕೂಡಲೇ ಮುಗಿದುಹೋದವು. ಜಾರ್ಜಿಯಾಕ್ಕೆ ಹೋಗುವ ವೆರ್ಖ್ನಿ ಲಾರ್ಸ್ ಗಡಿಯಲ್ಲಿ ಕಾರುಗಳ ಸಾಲು ಮೈಲುಗಟ್ಟಲೆ ಬೆಳೆಯಿತು. ಕಾರು ಬಿಟ್ಟು ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಹೊರಟವರೂ ಇದ್ದರು. ಎರಡೇ ವಾರದಲ್ಲಿ 2 ಲಕ್ಷಕ್ಕೂ ಹೆಚ್ಚು ರಷ್ಯನ್ನರು ತನ್ನ ನೆಲಕ್ಕೆ ಬಂದಿದ್ದಾರೆಂದು ಕಝಕಸ್ತಾನ ಹೇಳಿತು.

ಮೂರನೆಯವರು ಹೋದರು. ಸುದ್ದಿಯಲ್ಲಿ ಇವರದು ಚಿಕ್ಕ ಜಾಗ. ಓಡಿಹೋಗಲು ಪಾಸ್‌ಪೋರ್ಟ್ ಬೇಕು, ಕೈಯಲ್ಲಿ ಕಾಸು ಬೇಕು, ಹೋದಲ್ಲಿ ಕೂತು ಮಾಡಬಹುದಾದ ಕೆಲಸ ಬೇಕು. ಹಳ್ಳಿಯ ಟ್ರ್ಯಾಕ್ಟರ್ ಚಾಲಕನಿಗೆ ಅವು ಯಾವುವೂ ಇರಲಿಲ್ಲ. ಅಳುತ್ತಿದ್ದ ಹೆಂಡತಿ ಮಕ್ಕಳ ನಡುವಿನಿಂದ ಬಸ್ಸು ಹತ್ತಿದ ಗಂಡಸರಲ್ಲಿ ಬುರ್ಯಾತಿಯಾ, ದಾಗೆಸ್ತಾನದಂಥ ದೂರದ ಬಡ ಪ್ರಾಂತ್ಯಗಳವರು ಬಹಳ ಮಂದಿ. ಅಲ್ಲಿನ ಹೆಂಗಸರು ಸುಮ್ಮನಿರಲಿಲ್ಲ. ದಾಗೆಸ್ತಾನದ ಮಖಾಚ್‌ಕಲಾದಲ್ಲಿ ಅವರು ಪೊಲೀಸರ ಎದುರು ನಿಂತು ವಾದಿಸಿದರು. ಯಾಕುತ್ಸ್ಕ್‌ನಲ್ಲಿ ಕೈ ಕೈ ಹಿಡಿದು ತಮ್ಮ ಸಾಂಪ್ರದಾಯಿಕ ವೃತ್ತನೃತ್ಯವನ್ನೇ ಪ್ರತಿಭಟನೆಯಾಗಿ ಮಾಡಿಕೊಂಡರು. ಸೈಬೀರಿಯಾದ ಊಸ್ತ್-ಇಲಿಮ್ಸ್ಕ್‌ನಲ್ಲಿ ಯುವಕನೊಬ್ಬ ಸೇನಾ ನೋಂದಣಿ ಅಧಿಕಾರಿಯ ಮೇಲೆ ಗುಂಡು ಹಾರಿಸಿದ. ವಯಸ್ಸು ಮೀರಿದವರಿಗೆ, ಕಾಯಿಲೆಯವರಿಗೆ, ಹಲವು ಮಕ್ಕಳ ತಂದೆಯರಿಗೆ ನೋಟಿಸ್ ಹೋಗಿದ್ದು ಬಯಲಾದಾಗ ತಪ್ಪುಗಳಾಗಿವೆ ಎಂದು ಸೆಪ್ಟೆಂಬರ್ 29ರಂದು ಪುಟಿನ್ ಅವರೇ ಒಪ್ಪಿಕೊಳ್ಳಬೇಕಾಯಿತು. ಅಕ್ಟೋಬರ್ 28ರಂದು ಜಮಾವಣೆ ಮುಗಿದಿದೆ ಎಂದು ಶೋಯಿಗು ವರದಿ ಕೊಟ್ಟರು. ಹೋದವರು ಯಾವಾಗ ಮರಳುತ್ತಾರೆ ಎಂಬುದಕ್ಕೆ ಮಾತ್ರ ದಿನ ಗೊತ್ತುಮಾಡಲಿಲ್ಲ. ಮರುವರ್ಷ ಅವರ ಹೆಂಡಂದಿರು ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡು, ಮಾಸ್ಕೋದ ಅಜ್ಞಾತ ಯೋಧನ ಸ್ಮಾರಕಕ್ಕೆ ಹೂವಿಟ್ಟು ಕೇಳಿದ್ದು ಅದೊಂದನ್ನೇ: ಗಂಡ ಮನೆಗೆ ಬರುವುದು ಎಂದು?

ಸೇನೆಯ ಕರೆಗೆ ಓಗೊಡದೆ ಬೀದಿಗಿಳಿದದ್ದನ್ನು, ಗಡಿ ದಾಟಿದ್ದನ್ನು ಹೇಡಿತನ ಎಂದು ಕರೆಯುವುದು ತಪ್ಪು. ಸೋಲುತ್ತಿರುವ ಯುದ್ಧದಲ್ಲೂ ಜನ ಮನಸಾರೆ ಕೊಟ್ಟ ಉದಾಹರಣೆ ನಮ್ಮಲ್ಲೇ ಇದೆ. 1962ರ ಚೀನಾ ಯುದ್ಧದಲ್ಲಿ ಸೇಲಾ, ಬೊಮ್ಡಿಲಾ ಕೈಬಿಟ್ಟುಹೋದ ನವೆಂಬರಿನಲ್ಲೇ ದೇಶದ ಹೆಣ್ಣುಮಕ್ಕಳು ಕೈಬಳೆ, ಕೊರಳ ಸರ ಬಿಚ್ಚಿ ರಾಷ್ಟ್ರೀಯ ರಕ್ಷಣಾ ನಿಧಿಗೆ ಹಾಕಿದರು. ಭರ್ತಿ ಕಚೇರಿಗಳ ಮುಂದೆ ಯುವಕರು ಸಾಲು ನಿಂತರು. ಕಾದಾಟ ಯಾರ ನೆಲಕ್ಕಾಗಿ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಅದಕ್ಕೂ ಎರಡು ದಶಕ ಮೊದಲು ಇದೇ ಹಾವೇರಿ ಸೀಮೆ ತದ್ವಿರುದ್ಧ ಉತ್ತರ ಕೊಟ್ಟಿತ್ತು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಭಾಗಗಳು ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು, ಸವಣೂರು ನವಾಬರ ಸಂಸ್ಥಾನವಾಗಿತ್ತು. 1940ರ ಜೂನಿನಲ್ಲಿ ಫ್ರಾನ್ಸ್ ಶರಣಾಗಿ ಬ್ರಿಟನ್ ಒಂಟಿಯಾದಾಗ ಭಾರತದ ಜನ, ಧನ ಎರಡಕ್ಕೂ ಬೇಡಿಕೆ ಬಂತು. ಯುದ್ಧಕ್ಕೆ ಆಳನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪು ಎಂದು ಸಾರುವ ವೈಯಕ್ತಿಕ ಸತ್ಯಾಗ್ರಹವನ್ನು ಅಕ್ಟೋಬರ್ 17ರಂದು ವಿನೋಬಾ ಭಾವೆ ಆರಂಭಿಸಿದರು. 1942ರ ಫೆಬ್ರವರಿಯಲ್ಲಿ ಸಿಂಗಾಪುರ, ಮಾರ್ಚಿನಲ್ಲಿ ರಂಗೂನ್ ಜಪಾನಿನ ವಶವಾದವು. ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹುಟ್ಟಿತು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೊಂದಿಗೆ ಗುಂಡಿಗೆ ಬಲಿಯಾದರು. ಅವರ ಧೈರ್ಯವನ್ನು ಪ್ರಶ್ನಿಸುವವರು ಯಾರೂ ಇಲ್ಲ. ಅದೇ ಕಾಲದಲ್ಲಿ 25 ಲಕ್ಷ ಭಾರತೀಯರು ಬ್ರಿಟಿಷ್ ಭಾರತದ ಸೇನೆಯಲ್ಲಿದ್ದರು ಎಂಬುದೂ ನಿಜ. ಅವರಲ್ಲಿ ಅನೇಕರನ್ನು ಅಲ್ಲಿಗೆ ಕರೆದೊಯ್ದದ್ದು ತಿಂಗಳ ಸಂಬಳ.

ಸಂಬಳದ ಈ ಸೆಳೆತವನ್ನೇ ರಷ್ಯಾ ಸರ್ಕಾರ ಮುಂದೆ ಬಳಸಿಕೊಂಡಿತು. ಎರಡನೇ ಜಮಾವಣೆಗೆ ಕೈಹಾಕದೆ, ಸ್ವಇಚ್ಛೆಯಿಂದ ಒಪ್ಪಂದಕ್ಕೆ ಸಹಿ ಹಾಕುವವರಿಗೆ ದೊಡ್ಡ ಮೊತ್ತ ಕೊಡತೊಡಗಿತು. 2024ರ ಜುಲೈಯಲ್ಲಿ ಕೇಂದ್ರ ಸರ್ಕಾರದ ಆರಂಭಿಕ ಪಾವತಿ 4 ಲಕ್ಷ ರೂಬಲ್‌ಗೆ ಏರಿತು. ಮಾಸ್ಕೋ ನಗರಾಡಳಿತ ತನ್ನ ಪಾಲಿನಿಂದ 19 ಲಕ್ಷ ರೂಬಲ್ ಘೋಷಿಸಿತು. ದುಡ್ಡು ಹರಿದಲ್ಲಿ ದಲ್ಲಾಳಿಗಳು ಹುಟ್ಟುತ್ತಾರೆ. ಆಳಿನ ಹುಡುಕಾಟ ನೇಪಾಳ, ಶ್ರೀಲಂಕಾ, ಭಾರತದ ತನಕ ಬಂತು.

2023ರ ಕೊನೆಗೆ ಕಲಬುರಗಿ ಜಿಲ್ಲೆಯ ಮೂವರು ಯುವಕರು ಕಾವಲು ಕೆಲಸ, ಸಹಾಯಕನ ಕೆಲಸ ಎಂಬ ಮಾತು ನಂಬಿ ರಷ್ಯಾಕ್ಕೆ ಹೋದರು. ಓದಲು ಬಾರದ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿದ ಅವರನ್ನು ಯುದ್ಧದ ಮುಂಚೂಣಿಗೆ ಕಳಿಸಲಾಯಿತು. 2024ರ ಮಾರ್ಚಿನಲ್ಲಿ ಸಿಬಿಐ ಮಾನವ ಸಾಗಣೆ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿ ಮಾಸ್ಕೋದಲ್ಲಿ ಪುಟಿನ್ ಅವರ ಮುಂದೆ ಭಾರತೀಯರ ಬಿಡುಗಡೆಯ ವಿಷಯ ಎತ್ತಿದರು. ಕಲಬುರಗಿಯ ಯುವಕರು ಸೆಪ್ಟೆಂಬರಿನಲ್ಲಿ ಮನೆ ಸೇರಿದರು. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. ರಷ್ಯಾ ಸೇನೆಗೆ ಸೇರಿದ್ದ 126 ಭಾರತೀಯರಲ್ಲಿ 12 ಮಂದಿ ಸತ್ತಿದ್ದಾರೆ, 16 ಮಂದಿ ಕಾಣೆಯಾಗಿದ್ದಾರೆ ಎಂದು ವಿದೇಶಾಂಗ ಸಚಿವಾಲಯ 2025ರ ಜನವರಿಯಲ್ಲಿ ತಿಳಿಸಿತು.

ಉಕ್ರೇನಿಗೂ ಆಳಿನ ಕೊರತೆ ತಪ್ಪಿಲ್ಲ. ದಾಳಿಗೊಳಗಾದ ದೇಶವಾದರೂ ಅದು 18ರಿಂದ 60ರ ಗಂಡಸರು ಹೊರಹೋಗದಂತೆ ಗಡಿ ಮುಚ್ಚಿತು. 2024ರ ಏಪ್ರಿಲಿನಲ್ಲಿ ಜಮಾವಣೆಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ಮೊದಲ ದಿನಗಳಲ್ಲಿ ತಾವಾಗಿ ಸಾಲು ನಿಂತ ಊರುಗಳಲ್ಲೇ ಈಗ ಭರ್ತಿ ಅಧಿಕಾರಿಗಳನ್ನು ಕಂಡರೆ ಗಂಡಸರು ದಾರಿ ಬದಲಿಸುತ್ತಾರೆ. ಯುದ್ಧ ಉದ್ದವಾದಂತೆ ನ್ಯಾಯದ ಪಕ್ಷದಲ್ಲಿರುವವರೂ ದಣಿಯುತ್ತಾರೆ.

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ನಸುಕಿನಲ್ಲೇ ಎದ್ದು ರಸ್ತೆ ಬದಿ ಓಡುತ್ತ ಸೇನಾ ಭರ್ತಿಗೆ ತಯಾರಾಗುವ ಹುಡುಗರು ಬಹಳ. ಭರ್ತಿಯಲ್ಲಿ ಆಯ್ಕೆಯಾಗದ, ಮಳೆ ಕೈಕೊಟ್ಟ ವರ್ಷ ಹೊರದೇಶದ ದುಡಿಮೆಯ ಕನಸು ಕಾಣುವ ಈ ಹುಡುಗರ ಮೇಲೆಯೇ ದಲ್ಲಾಳಿಗಳ ಕಣ್ಣು. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ನೋಂದಾಯಿತನಾಗಿರಲೇಬೇಕು; ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಮಗನ ಪಾಸ್‌ಪೋರ್ಟು ಮತ್ತೊಬ್ಬರ ಕೈಗೆ ಹೋಗುವ ಮೊದಲು ಮನೆಯವರು ಆ ಪಟ್ಟಿಯಲ್ಲಿ ಏಜೆಂಟನ ಹೆಸರು ಹುಡುಕಲಿ. ಓದಲು ಬಾರದ ಭಾಷೆಯ ಕಾಗದಕ್ಕೆ, ಎಷ್ಟೇ ಲಕ್ಷ ತೋರಿಸಿದರೂ, ಸಹಿ ಹಾಕುವುದು ಬೇಡ.