ಸಮಾಜಕ್ಕೊಂದು ಪಕ್ಷವೇ?

ಚುನಾವಣೆ ಸಮೀಪಿಸಿದಾಗಲೆಲ್ಲ ಚಿಕ್ಕೇರೂರಿನಂಥ ನಮ್ಮ ಊರುಗಳ ಕಟ್ಟೆಯ ಮೇಲೆ ಒಂದು ಮಾತು ಏಳುವುದುಂಟು: ನಮ್ಮ ಸಮಾಜಕ್ಕೇ ಒಂದು ಪಕ್ಷ ಏಕಿರಬಾರದು? ಕೇಳುವವರು ತಿಳಿಗೇಡಿಗಳಲ್ಲ. ಆದರೆ ಇದಕ್ಕೆ ಹತ್ತಿರವಾದ ಪ್ರಯೋಗವನ್ನು ಹಿರಿಯರು ಮಾಡಿ ನೋಡಿದ್ದಾರೆಂಬುದು ಅನೇಕರಿಗೆ ಮರೆತುಹೋಗಿದೆ.

1917ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ವೀರಶೈವರ ಎಂ. ಬಸವಯ್ಯನವರು, ಒಕ್ಕಲಿಗರ ಎಚ್. ಚನ್ನಯ್ಯನವರು, ಮುಸಲ್ಮಾನರ ಅಬ್ಬಾಸ್ ಖಾನರು ಅದರಲ್ಲಿ ಜೊತೆಗೂಡಿದರು. ಸರಕಾರಿ ಹುದ್ದೆಗಳು ಬಹುಮಟ್ಟಿಗೆ ಒಂದೇ ವರ್ಗದ ಕೈಯಲ್ಲಿದ್ದವೆಂಬುದು ಅವರ ಅಳಲು, ಅಳಲು ನಿಜವಾದುದೇ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರರ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ ಹಿಂದುಳಿದವರಿಗೆ ಸಲ್ಲಬೇಕೆಂದು ಅದು ಶಿಫಾರಸು ಮಾಡಿತು. ಈ ನೀತಿಯನ್ನೊಪ್ಪದ ದಿವಾನ ವಿಶ್ವೇಶ್ವರಯ್ಯನವರು ಪದವಿ ಬಿಟ್ಟರು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಅಂದಿನ ಧಾರವಾಡ ಜಿಲ್ಲೆಯ ಕಥೆ ಬೇರೆ. 1919ರ ಸುಧಾರಣೆಯಲ್ಲಿ ಮರಾಠರಿಗೂ ಅವರೊಡನೆ ಎಣಿಸಲ್ಪಟ್ಟ ಜಾತಿಗಳಿಗೂ ಏಳು ಸ್ಥಾನಗಳು ಮೀಸಲಾದವು. ಲಿಂಗಾಯತರಿಗೆ ಅಂಥ ಏರ್ಪಾಡಾಗಲಿಲ್ಲ. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ಬ್ರಾಹ್ಮಣೇತರ ಪಕ್ಷದ ಮುಂದಾಳಾಗಿ ಬೆಳೆದು 1930ರ ದಶಕದಲ್ಲಿ ಪ್ರಾಂತದ ಮಂತ್ರಿಗಳಾದರು. ಆ ಪಕ್ಷದಿಂದ ಸಮಾಜಕ್ಕೆ ಲಾಭವಾಗಲಿಲ್ಲವೆನ್ನುವುದು ಕೃತಘ್ನತೆಯಾದೀತು. ಆದರೂ ಅದು ಬಾಳಲಿಲ್ಲ. ಯಾರನ್ನು ಎದುರಿಸಬೇಕೆಂಬುದು ಅದಕ್ಕೆ ಸ್ಪಷ್ಟವಿತ್ತು. ದೇಶಕ್ಕೇನು ಬೇಕೆಂಬುದಕ್ಕೆ ಉತ್ತರ ಸಾಲದಾಯಿತು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ದಂಡಿಯಾತ್ರೆಗೆ ಹೊರಟಾಗ ಯಾವ ಜಾತಿಪಕ್ಷದ ಅಪ್ಪಣೆಗೂ ಕಾಯಲಿಲ್ಲ. ಮೈಸೂರಿನಲ್ಲಿಯೂ ಪ್ರಜಾಮಿತ್ರರು ಪ್ರಜಾಪಕ್ಷದೊಡನೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಗಿ, 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಬೆರೆತರು.

ಬೆರೆಯದೆ ಹಟ ಹಿಡಿದರೆ ಏನಾಗುವುದೆಂಬುದನ್ನು ನೋಡಬೇಕಾದರೆ ಪ್ರಶಾಂತ ಸಾಗರದ ಫಿಜಿ ದ್ವೀಪಗಳತ್ತ ಕಣ್ಣು ಹಾಯಿಸಬೇಕು. 1879ರಿಂದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ಭಾರತೀಯರ ಸಂತತಿ ಒಂದೆಡೆ, ನೆಲದ ಮೂಲನಿವಾಸಿಗಳು ಇನ್ನೊಂದೆಡೆ. ಪಕ್ಷಗಳೂ ಬಹುಮಟ್ಟಿಗೆ ಹಾಗೆಯೇ ಒಡೆದವು. ನೆಲ ಕೈತಪ್ಪೀತೆಂಬ ಮೂಲನಿವಾಸಿಗಳ ಭಯವನ್ನು ಹುಸಿಯೆಂದು ತಳ್ಳಲಾಗದು. ಆದರೆ ಭಾರತೀಯರ ಬೆಂಬಲದಿಂದ ಬಂದ ಸರಕಾರವನ್ನು 1987ರಲ್ಲಿ ಸೇನಾಧಿಕಾರಿ ಸಿತಿವೇನಿ ರಬೂಕಾ ಉರುಳಿಸಿದರು. 1990ರ ಸಂವಿಧಾನ 70 ಸ್ಥಾನಗಳಲ್ಲಿ 37ನ್ನು ಮೂಲನಿವಾಸಿಗಳಿಗೇ ಇಟ್ಟಿತು. ಸಾವಿರಾರು ಭಾರತೀಯ ಕುಟುಂಬಗಳು ಮನೆಮಾರು ಬಿಟ್ಟು ಪರದೇಶಕ್ಕೆ ನಡೆದವು. 2000ದಲ್ಲಿ ಮತ್ತೊಂದು ದಂಗೆ. ಜನಾಂಗಕ್ಕಿಷ್ಟೆಂಬ ಸ್ಥಾನಗಳು ತೊಲಗಿದ್ದು 2013ರ ಸಂವಿಧಾನದಲ್ಲಿ. 2022ರ ಚುನಾವಣೆಯ ಬಳಿಕ ಅದೇ ರಬೂಕಾ ಪ್ರಧಾನಿಯಾದರು, ಭಾರತೀಯರು ಬಹುಕಾಲ ತಮ್ಮದೆಂದುಕೊಂಡಿದ್ದ ರಾಷ್ಟ್ರೀಯ ಒಕ್ಕೂಟ ಪಕ್ಷದ ಬೆಂಬಲದಿಂದ.